ಡಾಕ್ಟರು ಕೇಳಿದ ಊಟದ ಮಾತು

ಕಾರ್ಖಾನೆ ವಸತಿ, ಮೂರನೇ ಸಾಲು
ಸೆಪ್ಟೆಂಬರ್ 14, ಭಾನುವಾರ, ಮಧ್ಯಾಹ್ನ

ನನ್ನ ಮುದ್ದಿನ ತಂಗಿಗೆ,

ನಾನು ಚೆನ್ನಾಗಿದ್ದೇನೆ. ನಿನ್ನ ಭಾವ ನನಗಿಂತ ಚೆನ್ನಾಗಿದ್ದಾರೆ. ಊಟ ಮುಗಿಸಿ ಪಕ್ಕದ ಕೋಣೆಯಲ್ಲಿ ಅವರು ಹೊಡೆಯುತ್ತಿರುವ ಗೊರಕೆಯನ್ನು ಲಕೋಟೆಯಲ್ಲಿ ಹಾಕಿ ಕಳಿಸುವ ಹಾಗಿದ್ದರೆ ನಿನಗೇ ನಂಬಿಕೆ ಬರುತ್ತಿತ್ತು.

ನಿನ್ನ ಕಾಗದ ಬುಧವಾರ ಬಂತು. ಮೂರು ಸಲ ಓದಿದೆ. "ಅಕ್ಕಾ, ಬುಗುರಿಯನ್ನ ಹೆತ್ತಿದ್ದು ನಾನು ಅಷ್ಟೇ, ಉಳಿಸಿಕೊಟ್ಟವಳು ನೀನು" ಎಂದು ಬರೆದಿದ್ದೀಯ. ಬಂದರಿನಲ್ಲಿ ಕ್ರೇನ್ ನಡೆಸುವ ತರಬೇತಿಯ ಎರಡನೇ ಭಾಗ ಮುಂದಿನ ತಿಂಗಳು ಶುರುವಾಗುತ್ತದೆ, ಮಗುವಿನ ಅಪ್ಪ ಹಡಗಿನಿಂದ ಇಳಿಯುವುದು ಇನ್ನೂ ನಾಲ್ಕು ತಿಂಗಳಿಗೆ, ಅಲ್ಲಿಯವರೆಗೆ ಬುಗುರಿಯನ್ನು ಮತ್ತೆ ನಿನ್ನ ಹತ್ತಿರ ಬಿಡಲೇ ಎಂದು ಕೇಳಿದ್ದೀಯ. "ನಿನ್ನ ಕೈಯಲ್ಲಿದ್ದರೆ ನನಗೆ ಮೇಲೆ ಕೂತಾಗಲೂ ತಲೆ ತಿರುಗಲ್ಲ" ಎಂಬ ಮಾತು ಬೇರೆ.

ನಿನ್ನ ಭಾವ ಓದಿ, "ಇದಕ್ಕೆ ಉತ್ತರ ಬರಿಯೋಕೆ ಇಷ್ಟು ದಿನ ಬೇಕೇನೇ? ಕಳಿಸು ಅಂತ ಎರಡಕ್ಷರ ಬರೆದು ಹಾಕು" ಎಂದರು. ಎರಡಕ್ಷರ ಬರೆಯಲು ನಾಲ್ಕು ದಿನ ಕೂತು ಎದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ. ನನ್ನನ್ನು ಯಾರೂ ಕಳ್ಳಿ ಅನ್ನಲಿಲ್ಲ, ನೀನು ಹೊಗಳಿದೆ ಅಷ್ಟೇ. ಆದರೂ ಕೈ ಹೆಗಲಿಗೇ ಹೋಯಿತು.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಅದನ್ನೇ ನೆಪ ಮಾಡಿ ಮಾತು ಬೇರೆ ಕಡೆ ಹೊರಳಿಸುತ್ತೇನೆ. ಚಿಕ್ಕಂದಿನಿಂದ ನಮ್ಮಿಬ್ಬರ ವಿದ್ಯೆ ಇದು. ಕಾಗದಕ್ಕೆ ನಡುವೆ ಬಾಯಿ ಹಾಕಲು ಬರುವುದಿಲ್ಲ. ನಿನಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದಲೇ ಹೇಳುತ್ತೇನೆ. ಕಥೆಯನ್ನು ಬಾಲದಿಂದ ಹಿಡಿದರೆ ಅದು ತಿರುಗಿ ಒದೆಯುತ್ತದೆ.

ನೀನು ತರಬೇತಿಯ ಮೊದಲ ಭಾಗಕ್ಕೆ ಹೋಗಿ ಬುಗುರಿ ನಮ್ಮಲ್ಲಿದ್ದ ಜುಲೈ ತಿಂಗಳಲ್ಲಿ ಈ ಊರು ಹೇಗಿತ್ತು ಎನ್ನುವುದನ್ನು ನೀನು ಸರಿಯಾಗಿ ನೋಡಲಿಲ್ಲ. ಮಕ್ಕಳಿಗೆ ಮೆದುಳು ಜ್ವರ. ಒಂದು ವಾರದಲ್ಲಿ ಹನ್ನೊಂದು ಮಕ್ಕಳು ದೊಡ್ಡಾಸ್ಪತ್ರೆ ಸೇರಿದರು. ಶಾಲೆಗೆ ರಜೆ ಕೊಟ್ಟರು. ಸಂಜೆಯಾದರೆ ಹೊಗೆ ಬಿಡುವ ಗಾಡಿ ಸಾಲು ಸಾಲಿಗೂ ಬರುತ್ತಿತ್ತು, ನಗರಸಭೆಯವರು ಹಿತ್ತಿಲಿಗೆ ನುಗ್ಗಿ ನೀರು ನಿಂತ ಡಬ್ಬ, ಕುಂಡ, ಹಳೇ ಟೈರು ಎಲ್ಲ ಬೋರಲು ಹಾಕುತ್ತಿದ್ದರು. ದಾರಿಯಲ್ಲಿ ಸಿಕ್ಕ ಹೆಂಗಸರು ಒಬ್ಬರನ್ನೊಬ್ಬರು ಮಾತಾಡಿಸುವ ಮೊದಲು ಮಗುವಿನ ಹಣೆ ಮುಟ್ಟಿ ನೋಡುತ್ತಿದ್ದರು. ಹಾಗಾಗಿ ಆ ದಿನಗಳಲ್ಲಿ ಯಾವ ಮಗು ಕಣ್ಣು ಮೇಲೆ ಮಾಡಿದರೂ ಕಾರಣ ಏನು ಎಂದು ಯಾರೂ ಕೇಳುತ್ತಿರಲಿಲ್ಲ. ಉತ್ತರ ಮೊದಲೇ ಸಿದ್ಧವಿತ್ತು.

ಇನ್ನು ನಾನು ಅಡುಗೆ ಮಾಡಿ ಬಡಿಸುವ ಕಾರ್ಖಾನೆಯ ಕ್ಯಾಂಟೀನು. ದಿನಕ್ಕೆ ಎರಡು ಹೊತ್ತು, ಮುನ್ನೂರು ತಟ್ಟೆ. ಅಲ್ಲಿ ನನ್ನದೊಂದು ಕಾನೂನಿದೆ: ಗಂಟೆ ಹೊಡೆದ ಮೇಲೆ ಸೌಟು ಎತ್ತುವುದಿಲ್ಲ. ಮ್ಯಾನೇಜರ್ ಬಂದು ನಿಂತರೂ ಇಲ್ಲ. ಒಬ್ಬನಿಗೆ ಹಾಕಿದರೆ ನಾಳೆ ಹತ್ತು ಜನ ತಡವಾಗಿ ಬರುತ್ತಾರೆ, ಪಾತ್ರೆ ತೊಳೆಯುವವರು ಮನೆ ಸೇರುವುದು ಯಾವಾಗ? ಹತ್ತೊಂಬತ್ತು ವರ್ಷ ಈ ಕಾನೂನು ನಡೆಸಿದ್ದೇನೆ. ಅದು ನನ್ನ ಜೊತೆ ಮನೆಗೂ ನಡೆದು ಬಂದದ್ದು ನನಗೇ ಗೊತ್ತಾಗಲಿಲ್ಲ.

ಅವತ್ತು ಸೋಮವಾರ. ಬುಗುರಿಗೆ ಮೂಗು ಸೋರುತ್ತಿತ್ತು, ಮೈ ಸ್ವಲ್ಪ ಬೆಚ್ಚಗಿತ್ತು. ಮಧ್ಯಾಹ್ನ ಅರ್ಧ ತಟ್ಟೆ ಬಿಟ್ಟಿದ್ದಳು. ಸಂಜೆ ಕ್ಯಾಂಟೀನಿನಿಂದ ಬಂದು, ಕಾಲು ನೋಯುತ್ತಿದ್ದರೂ ಬಿಸಿ ಅನ್ನ, ಬೇಳೆ ಮಾಡಿ ಮುಂದಿಟ್ಟೆ. "ನಂಗೆ ಬೇಡ" ಎಂದಳು. ಯಾಕೆ ಎಂದೆ. "ಹೊಟ್ಟೆ ಬೇಡ ಅಂತಿದೆ. ನಾನಲ್ಲ" ಎಂದಳು. ನಾಲ್ಕೂವರೆ ವರ್ಷದ ಮಗುವಿನ ವಕೀಲಿಕೆ ನೋಡು! ಬೇರೆ ದಿನವಾದರೆ ನಕ್ಕು, ತುತ್ತು ಮಾಡಿ, ಆನೆ ಬಂತು ಕುದುರೆ ಬಂತು ಅಂತ ಬಾಯಿಗಿಡುತ್ತಿದ್ದೆ. ಅವತ್ತು ನನಗೆ ಕೋಪ ಬಂತು. ಮುನ್ನೂರು ಜನ ಬೆರಳು ಚೀಪಿಕೊಂಡು ತಿನ್ನುವ ಅಡುಗೆಗೆ ಈ ಗೇಣುದ್ದದವಳು ಬೆನ್ನು ತೋರಿಸುವುದೆ? "ಎಂಟು ಗಂಟೆ ತನಕ ತಟ್ಟೆ ಇಲ್ಲೇ ಇರುತ್ತೆ. ಆಮೇಲೆ ತೊಳೆದಿಡ್ತೀನಿ. ಮತ್ತೆ ಕೇಳಬೇಡ" ಎಂದೆ. ಎಂಟಾಯಿತು. ತೊಳೆದಿಟ್ಟೆ. ಬುಗುರಿ ಒಂದು ತುತ್ತೂ ಮುಟ್ಟದೆ ಮಲಗಿದಳು. ನಿನ್ನ ಭಾವ ಎರಡನೇ ಪಾಳಿ ಮುಗಿಸಿ ಬಂದಾಗ ಎಲ್ಲ ನಿಶ್ಶಬ್ದ. ಅವರಿಗೆ ಇದು ಯಾವುದೂ ಗೊತ್ತಿರಲಿಲ್ಲ.

ಬೆಳಗಿನ ಐದಕ್ಕೆ ನಾನು ಏಳುವ ಹೊತ್ತು. ಪಕ್ಕದಲ್ಲಿ ಮಗು ಬೆವರಿ ತೊಪ್ಪೆಯಾಗಿತ್ತು. ಕರೆದರೆ ಓಗೊಡಲಿಲ್ಲ. ಕಣ್ಣು ಅರ್ಧ ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ಆಮೇಲೆ ಕೈಕಾಲು ಅದುರಲು ಶುರುವಾಯಿತು. ನಿನ್ನ ಭಾವ ಎತ್ತಿಕೊಂಡು ಕ್ಯಾಂಟೀನಿನ ತರಕಾರಿ ಗಾಡಿಯಲ್ಲಿ ಹಾಕಿದರು. ಕಾಲಿಗೆ ಚಪ್ಪಲಿ ಇಲ್ಲ, ನನಗೂ ಇಲ್ಲ, ಅವರಿಗೂ ಇಲ್ಲ.

ಬೀದಿ ಕೊನೆಯ ಚಿಕ್ಕ ಆಸ್ಪತ್ರೆಯಲ್ಲಿ ಡಾಕ್ಟರು ಬಂದಿರಲಿಲ್ಲ. ಕಂಪೌಂಡರ್ ಇದ್ದ. ಒಳ್ಳೆಯವನು, ಕೈ ಚುರುಕು. ಮಗುವನ್ನು ನೋಡಿದವನೇ ಗ್ಲೂಕೋಸ್ ಬಾಟಲಿ ಏರಿಸಿ, "ಮೆದುಳು ಜ್ವರವೇ ಅಮ್ಮಾ, ತಡ ಮಾಡಬೇಡಿ" ಎಂದು ದೊಡ್ಡಾಸ್ಪತ್ರೆಗೆ ಆಂಬುಲೆನ್ಸ್ ಹತ್ತಿಸಿದ. ಚೀಟಿಯಲ್ಲಿ ಜ್ವರ ಬರೆದ, ಫಿಟ್ಸ್ ಬರೆದ. ಬಾಟಲಿ ಹಾಕಿದ್ದು ಬರೆಯಲಿಲ್ಲ. ಅವನ ಮಟ್ಟಿಗೆ ಅದು ಬಂದವರಿಗೆ ನೀರು ಕೊಟ್ಟ ಹಾಗೆ, ಬರೆಯುವಂಥದ್ದೇನಿದೆ? ದಾರಿಯಲ್ಲಿ ಬಾಟಲಿ ಖಾಲಿಯಾಯಿತು, ಆಂಬುಲೆನ್ಸಿನವನು ಕಳಚಿಟ್ಟ. ದೊಡ್ಡಾಸ್ಪತ್ರೆಯಲ್ಲಿ ರಕ್ತ ನೋಡಿದಾಗ ಸಕ್ಕರೆ ಸರಿಯಾಗಿತ್ತು. ಸರಿಯಾಗಿರದೆ ಏನು, ಆಗತಾನೆ ಒಳಗೆ ಹೋಗಿತ್ತಲ್ಲ! ಆದರೆ ಅದನ್ನು ಕೇಳಬೇಕು ಅಂತ ಅವರಿಗೆ ತೋಚಲಿಲ್ಲ, ಹೇಳಬೇಕು ಅಂತ ನಮಗೆ ತೋಚಲಿಲ್ಲ.

ಮೆದುಳು ಜ್ವರದ ವಾರ್ಡಿನಲ್ಲಿ ಹನ್ನೆರಡನೆಯ ಹಾಸಿಗೆ ಹಾಕಿದರು. ಬೆನ್ನಿನಿಂದ ನೀರು ತೆಗೆದರು. ಆಗ ನಾನು ಹೊರಗೆ ನಿಂತು ಗೋಡೆಯ ಟೈಲುಗಳನ್ನು ಎಣಿಸಿದೆ; ಎಷ್ಟಿದ್ದವು ಎಂದು ಕೇಳಬೇಡ, ಪ್ರತಿ ಸಲವೂ ಬೇರೆ ಲೆಕ್ಕ ಬಂತು. ನಿನಗೆ ಫೋನ್ ಮಾಡಿದ್ದು ಆಗಲೇ. ನೀನು ಅತ್ತಿದ್ದು, "ಏನು ತಿಂದ್ಲು ಅಕ್ಕಾ ರಾತ್ರಿ?" ಎಂದು ಕೇಳಿದ್ದು ನಿನಗೆ ನೆನಪಿದೆಯೋ ಇಲ್ಲವೋ. ನಾನು "ಅನ್ನ ಬೇಳೆ" ಎಂದೆ. ಮಾಡಿದ್ದು ಅದನ್ನೇ ತಾನೆ. ಅದೇ ಮೊದಲನೆಯ ಸುಳ್ಳು.

ಮರುದಿನ ಮಧ್ಯಾಹ್ನದ ಹೊತ್ತಿಗೆ ಬುಗುರಿ ಎದ್ದು ಕೂತಳು! ಕೈಯಲ್ಲಿ ಡ್ರಿಪ್ ಇತ್ತು. ಹಾಲು ಕುಡಿದಳು. ನನ್ನ ಕೂದಲು ಹಿಡಿದು ಎಳೆದಳು. ನಮಗೆ ಖುಷಿಯಾದರೆ ಡಾಕ್ಟರಿಗೆ ಗಾಬರಿಯಾಯಿತು. ಆ ವಾರ್ಡಿನ ಡಾಕ್ಟರಮ್ಮ ಇದ್ದಾರಲ್ಲ, ನೀನು ನೋಡಿದ್ದೀಯ, ಹತ್ತಿರ ಬಗ್ಗದಿದ್ದರೆ ಮಾತು ಕೇಳಿಸದ ಮೆಲುದನಿಯವರು, ಅವರು ಬಂದು, "ಈ ಜ್ವರದಲ್ಲಿ ಯಾವ ಮಗೂನೂ ಇಷ್ಟು ಬೇಗ ಏಳಲ್ಲ. ಬೆನ್ನು ನೀರೂ ಶುಭ್ರವಾಗಿದೆ. ಏನೋ ಹೊಂದ್ತಾ ಇಲ್ಲ" ಎಂದು ಹಣೆ ತಿಕ್ಕಿಕೊಂಡರು. ಆಮೇಲೆ ಕೇಳಿದರು: "ಫಿಟ್ಸ್ ಬರೋ ಹಿಂದಿನ ರಾತ್ರಿ ಮಗು ಊಟ ಮಾಡಿತ್ತಾ?"

ನಾನು ಬಾಯಿ ತೆರೆಯುವ ಮೊದಲೇ ನಿನ್ನ ಭಾವ ನನ್ನ ಬಲಗೈ ಹಿಡಿದು ಮೇಲೆತ್ತಿದರು, ಕುಸ್ತಿಯಲ್ಲಿ ಗೆದ್ದವರ ಕೈ ಎತ್ತುವ ಹಾಗೆ. "ಏನ್ ಮೇಡಂ ಹೀಗೆ ಕೇಳ್ತೀರಿ? ಮುನ್ನೂರು ಜನಕ್ಕೆ ಬಡಿಸೋ ಕೈ ಇದು. ಈ ಕೈ ಕೆಳಗೆ ಬೀದಿ ಬೆಕ್ಕೂ ಹಸಿದು ಮಲಗಲ್ಲ, ಇನ್ನು ಮನೆ ಮಗು ಮಲಗುತ್ತಾ?"

ವಾರ್ಡಿನವರೆಲ್ಲ ತಿರುಗಿ ನೋಡಿದರು. ಪಕ್ಕದ ಹಾಸಿಗೆಯ ಮಗುವಿನ ಅಜ್ಜಿ ನನ್ನ ಕಡೆ ನೋಡಿ ಮೆಚ್ಚುಗೆಯಿಂದ ತಲೆದೂಗಿದಳು. ಡಾಕ್ಟರಮ್ಮ ಮತ್ತೆ ನನ್ನನ್ನೇ ನೋಡಿದರು. ನಾನು, "ಹೊಟ್ಟೆ ತುಂಬ ಉಂಡಿದ್ಲು ಮೇಡಂ" ಎಂದೆ.

ತಂಗೀ, ಸುಳ್ಳನ್ನು ಸಾಕುವುದು ಎಮ್ಮೆ ಸಾಕಿದ ಹಾಗೆ. ಒಂದು ದಿನ ಕಟ್ಟಿಕೊಂಡರೆ ದಿನಾ ಮೇವು ಹಾಕಬೇಕು. ನಾನು ಇಷ್ಟನ್ನೇ ಯೋಚಿಸಿದೆ: ಊಟಕ್ಕೂ ಮೆದುಳು ಜ್ವರಕ್ಕೂ ಏನು ಸಂಬಂಧ? ಇವರಿಗೆ ನಿಜ ಹೇಳಿ ಆಗಬೇಕಾದ್ದೇನು? ಅಡುಗೆಯವಳ ಮನೆಯ ಮಗು ಖಾಲಿ ಹೊಟ್ಟೆಯಲ್ಲಿ ಮಲಗಿತ್ತು ಎಂದು ವಾರ್ಡಿಗೆಲ್ಲ ಗೊತ್ತಾಗಬೇಕೇ?

ಡಾಕ್ಟರಮ್ಮ ಬರೆದುಕೊಂಡರು. ಕಾರಣ ತಿಳಿಯಲು ತಲೆಯ ಸ್ಕ್ಯಾನ್ ಮಾಡಿಸೋಣ, ಮಗು ಅಲ್ಲಾಡದ ಹಾಗೆ ಮಲಗಿಸುವ ಔಷಧಿ ಕೊಡಬೇಕು, ಅದಕ್ಕೆ ಸಂಜೆಯಿಂದ ಬಾಯಿಗೆ ಏನೂ ಕೊಡಬೇಡಿ ಎಂದರು. ನೋಡು, ನನ್ನ ಮಾತನ್ನು ನಂಬಿ ಹಾಗೆಂದರು. ನಾನು ನಿಜ ಹೇಳಿದ್ದರೆ ಅವರು ಹಾಗೆ ಹೇಳುತ್ತಿರಲಿಲ್ಲ. ಅದರ ಮೇಲೆ ಡ್ರಿಪ್ಪಿನ ಕೈ ಊದಿಕೊಂಡಿತು ಎಂದು ಸೂಜಿ ತೆಗೆದರು. ಇದ್ದ ಒಬ್ಬಳೇ ನರ್ಸಿಗೆ ಹನ್ನೆರಡು ಹಾಸಿಗೆ. "ಮಗು ಲವಲವಿಕೆಯಿಂದ ಇದೆಯಲ್ಲ, ಬೆಳಿಗ್ಗೆ ಬೇರೆ ಕೈಗೆ ಹಾಕೋಣ" ಎಂದಳು.

ಬೆಳಿಗ್ಗೆ ಏಳಕ್ಕೆ ನಾನು ಮುಖ ತೊಳೆದು ಬಂದು ನೋಡಿದರೆ ಅದೇ ಬೆವರು. ಅದೇ ಅರ್ಧ ಕಣ್ಣು. ಕರೆದರೆ ಅದೇ ಮೌನ.

ಆಗ ನನ್ನ ತಲೆ ಕೆಲಸ ಮಾಡಿದ್ದು ದೊಡ್ಡಮ್ಮನ ಹಾಗೆ ಅಲ್ಲ, ಅಡುಗೆಯವಳ ಹಾಗೆ. ಕ್ಯಾಂಟೀನಿನಲ್ಲಿ ಒಂದು ದಿನ ಹಂಡೆಯ ಅಡುಗೆ ಕೆಟ್ಟರೆ ಬೈದು ಸುಮ್ಮನಾಗುತ್ತೇವೆ. ಎರಡನೇ ಸಲ ಅದೇ ರೀತಿ, ಅದೇ ವಾಸನೆಯಲ್ಲಿ ಕೆಟ್ಟರೆ ಕೂತು ಯೋಚಿಸುತ್ತೇವೆ: ಎರಡೂ ದಿನ ಅದಕ್ಕೆ ಬಿದ್ದದ್ದು ಏನು? ನೀರೋ, ಎಣ್ಣೆಯೋ, ಅದೇ ಮೂಟೆಯ ಬೇಳೆಯೋ? ಬುಗುರಿಯ ಎರಡು ಬೆಳಗುಗಳನ್ನು ಹಾಗೇ ಪಕ್ಕಪಕ್ಕ ಇಟ್ಟೆ. ಎರಡರಲ್ಲೂ ಒಂದೇ ಆಗಿ ಬಿದ್ದದ್ದು ಏನೂ ಇರಲಿಲ್ಲ. ಬೀಳದೆ ಇದ್ದದ್ದು ಒಂದಿತ್ತು. ಊಟ.

ಹೇಗೆ ಓಡಿದೆನೋ ಗೊತ್ತಿಲ್ಲ. ಡಾಕ್ಟರಮ್ಮ ವಾರ್ಡಿನ ಆ ತುದಿಯಲ್ಲಿದ್ದರು. ನನ್ನ ಗಂಟಲು ನಿನಗೆ ಗೊತ್ತಲ್ಲ, ಮುನ್ನೂರು ಜನರ ಗದ್ದಲದ ಮೇಲೆ ಕೇಳಿಸಿ ಅಭ್ಯಾಸವಾದದ್ದು. "ಮೇಡಂ, ಅವತ್ತು ಅವಳು ಉಂಡಿರಲಿಲ್ಲ! ಸುಳ್ಳು ಹೇಳಿದೆ! ನಿನ್ನೆ ರಾತ್ರೀನೂ ಉಂಡಿಲ್ಲ! ಉಣ್ಣದೆ ಮಲಗಿದ್ರೇ ಹೀಗಾಗ್ತಿದೆ!" ಎಂದು ಕೂಗಿದೆ. ಹನ್ನೆರಡು ಹಾಸಿಗೆಯವರೂ ಕೇಳಿದರು. ಕೈಯಲ್ಲಿ ಚಹಾದ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ ನಿನ್ನ ಭಾವನೂ ಕೇಳಿದರು.

ಆ ಮೆಲುದನಿಯವರು ಆಗ ಏನು ಓಡಿದರು ಅಂತೀಯ! ಬೆರಳಿಗೆ ಚುಚ್ಚಿ ಒಂದು ಹನಿ ರಕ್ತ ನೋಡಿದರು. ನಂಬದೆ ಇನ್ನೊಂದು ಬೆರಳಿಗೆ ಚುಚ್ಚಿದರು. "ಸಕ್ಕರೆ ಇಲ್ಲವೇ ಇಲ್ಲ" ಎಂದರು. ಬೇರೆ ಪರೀಕ್ಷೆಗೆ ಎಂದು ಎರಡು ಪುಟ್ಟ ಶೀಶೆ ರಕ್ತ ಎಳೆದುಕೊಂಡು, ಅದೇ ಸೂಜಿಯಲ್ಲಿ ಗ್ಲೂಕೋಸ್ ಒತ್ತಿದರು. ಒಲೆಯ ಮೇಲೆ ಹಾಲು ಉಕ್ಕಿ ಬರುವಷ್ಟು ಹೊತ್ತು, ಅಷ್ಟೇ. ಬುಗುರಿ ಕಣ್ಣು ಬಿಟ್ಟು, ಸುತ್ತ ನಿಂತ ಆರು ಮುಖ ನೋಡಿ, "ಯಾಕೆ ಎಲ್ಲರೂ ನನ್ನನ್ನೇ ನೋಡ್ತಿದೀರಾ?" ಎಂದಳು. ನಾನು ನೆಲದ ಮೇಲೆ ಕೂತುಬಿಟ್ಟೆ.

ಡಾಕ್ಟರಮ್ಮ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನನ್ನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು, "ನಾನು ಕೇಳಿದ್ದೇ ಸರಿಯಿರಲಿಲ್ಲ ಬಿಡಿ. ಊಟ ಮಾಡಿತ್ತಾ ಅಂತ ಕೇಳಿದ್ರೆ ಯಾವ ಮನೆಯವರು ಇಲ್ಲ ಅಂತಾರೆ? ಕೊನೇ ಸಲ ಬಾಯಿಗೆ ಏನು ಹೋಯ್ತು, ಎಷ್ಟು ಗಂಟೆಗೆ ಹೋಯ್ತು ಅಂತ ಕೇಳಬೇಕಿತ್ತು" ಎಂದರು. ಅವತ್ತೇ ಉಳಿದ ಹನ್ನೊಂದು ಹಾಸಿಗೆಗಳಿಗೂ ಹೋಗಿ ಹಾಗೇ ಕೇಳಿದರು. ಅವರದೆಲ್ಲ ನಿಜವಾದ ಮೆದುಳು ಜ್ವರವೇ ಆಗಿತ್ತು. ನಮ್ಮದೊಂದೇ ಬೇರೆ.

ಹತ್ತು ಗಂಟೆಗೆ ನೀನು ಬಂದೆ. ನೀನು ಕಂಡದ್ದು ಹಾಸಿಗೆಯ ಮೇಲೆ ಕೂತು ಗಂಜಿ ಕುಡಿಯುತ್ತಿದ್ದ ಮಗಳನ್ನು. ನನ್ನನ್ನು ತಬ್ಬಿಕೊಂಡೆ. ನಾನು ಹೇಳಬೇಕೆಂದು ಬಾಯಿ ತೆರೆದೆ, ನಿನ್ನ ಭಾವ, "ಡಾಕ್ಟರಮ್ಮ ಕಂಡುಹಿಡಿದ್ರು ಕಣಮ್ಮ. ಹುಟ್ಟಿನಿಂದ ಬಂದ ಕಾಯಿಲೆ ಇರಬೇಕಂತೆ" ಎಂದುಬಿಟ್ಟರು. ಅದರಲ್ಲಿ ಸುಳ್ಳೇನೂ ಇಲ್ಲ, ನಿಜವೂ ಪೂರ್ತಿ ಇಲ್ಲ. ಅವರು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೇ ದಿನ ತಟ್ಟೆ ಮುಂದೆ ಕೂತು, "ನಾನು ನಿನ್ನ ಕೈ ಹಾಗೆ ಎತ್ತಬಾರದಿತ್ತು. ಎತ್ತಿದ ಕೈ ಇಳಿಸೋದು ಕಷ್ಟ" ಎಂದರು. ಅಷ್ಟೇ. ಆಮೇಲೆ, "ತಂಗಿಗೆ ಹೇಳೋದೇನೂ ಬೇಡ, ಮಗು ಉಳೀತಲ್ಲ" ಎಂದರು.

ಮುಂದಿನದು ನಿನಗೇ ಗೊತ್ತು. ಮೂರು ವಾರದ ಮೇಲೆ ದೂರದ ಪ್ರಯೋಗಾಲಯದಿಂದ ಉತ್ತರ ಬಂತು. ಸಾವಿರಾರು ಮಕ್ಕಳಲ್ಲಿ ಒಬ್ಬರಿಗೆ ಬರುವಂಥದ್ದು, ಹೆಸರು ಹೇಳಲು ಹೋದರೆ ನನ್ನ ನಾಲಿಗೆಗೆ ಗಂಟು ಬೀಳುತ್ತದೆ. ಉಳಿದವರ ಮೈ ಹಸಿದಾಗ ಕೂಡಿಟ್ಟ ಕೊಬ್ಬನ್ನು ಉರಿಸಿಕೊಂಡು ರಾತ್ರಿ ಕಳೆಯುತ್ತದೆ, ಬುಗುರಿಯ ಮೈಗೆ ಆ ಉಗ್ರಾಣದ ಬೀಗ ತೆಗೆಯಲು ಬರುವುದಿಲ್ಲ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ಔಷಧಿ ಏನು ಎಂದು ಕೇಳಿದೆ. "ಊಟ. ಹೊತ್ತುಹೊತ್ತಿಗೆ. ಮಲಗೋ ಮೊದಲು ತಪ್ಪದೆ. ಜ್ವರ, ವಾಂತಿ ಬಂದು ತಿನ್ನಲಾರದೆ ಹೋದ್ರೆ ಕಾಯಬೇಡಿ, ಈ ಚೀಟಿ ಹಿಡಿದು ಇಲ್ಲಿಗೆ ಬನ್ನಿ" ಎಂದರು. ನಿನ್ನ ಭಾವ ಅಷ್ಟು ದಿನದ ಮೇಲೆ ಮೊದಲ ಸಲ ನಕ್ಕರು: "ಲೋಕದಲ್ಲಿ ಇರೋ ಕಾಯಿಲೇಲೆಲ್ಲ ಹುಡುಕಿ ಹುಡುಕಿ ನಮ್ಮ ಮನೆಗೆ ಸರಿಹೋಗೋದನ್ನೇ ತಂದಿದಾಳೆ!" ನಾನೂ ನಕ್ಕೆ. ನಕ್ಕು ಹಿತ್ತಿಲಿಗೆ ಹೋಗಿ ಅತ್ತೆ. ಬೆಟ್ಟದಂತೆ ಬಂದದ್ದು ಮಂಜಿನಂತೆ ಹೋಯಿತಲ್ಲ, ಆ ಹಗುರಕ್ಕೆ.

ಎಲ್ಲರಿಗೂ ಹಾಗೆ ಹೋಗಲಿಲ್ಲ. ಇಬ್ಬರು ಮಕ್ಕಳು ಉಳಿಯಲಿಲ್ಲ. ಪಕ್ಕದ ಹಾಸಿಗೆಯ ಹುಡುಗ ಮನೆಗೆ ಬಂದಿದ್ದಾನೆ, ಎಡಗೈ ಇನ್ನೂ ಸ್ವಾಧೀನಕ್ಕೆ ಬಂದಿಲ್ಲ. ಅವನ ಅಜ್ಜಿ ಕಾರ್ಖಾನೆ ಗೇಟಿನ ಹತ್ತಿರ ಸಿಕ್ಕಿ, "ನಿಮ್ಮನೇದು ಊಟದಿಂದ ಹೋಗೋ ಕಾಯಿಲೆ ಆಯ್ತಲ್ಲ, ಪುಣ್ಯ ಮಾಡಿದ್ರಿ" ಎಂದಳು. ಹೊಟ್ಟೆಕಿಚ್ಚಿಲ್ಲದೆ ಹೇಳಿದಳು. ಈಗ ಅವನ ಕೈಗೆ ವ್ಯಾಯಾಮ ಮಾಡಿಸುವ ದಿನ ಅವರಿಬ್ಬರ ಊಟ ನಮ್ಮ ಮನೆಯಿಂದ ಹೋಗುತ್ತದೆ.

ಇಷ್ಟು ನಡೆದದ್ದು. ಕಾಯಿಲೆ ಹುಟ್ಟಿನಿಂದ ಬಂದದ್ದು ನಿಜ. ಅದನ್ನು ಎಬ್ಬಿಸಿದವಳು ನಾನು, ಎಬ್ಬಿಸಿದ ಮೇಲೆ ಮುಚ್ಚಿಟ್ಟು ಮಗುವನ್ನು ಎರಡನೇ ಸಲ ಅದರ ಬಾಯಿಗೆ ಕೊಟ್ಟವಳೂ ನಾನು. ಉಳಿಸಿದವಳು ಎಂದು ನೀನು ಬರೆದಿದ್ದೀಯಲ್ಲ, ಆ ಮಾತನ್ನು ಇದರ ಪಕ್ಕದಲ್ಲಿಟ್ಟು ತೂಗಿ ನೋಡು. ನೋಡಿ ಆಮೇಲೆ ನಿರ್ಧಾರ ಮಾಡು. ಕಳಿಸುವುದಿಲ್ಲ ಎಂದರೆ ನಾನು ಮುನಿಸಿಕೊಳ್ಳುವುದಿಲ್ಲ. ಸುಳ್ಳೇಕೆ, ಮುನಿಸಿಕೊಳ್ಳುತ್ತೇನೆ, ಆದರೆ ನಿನ್ನ ಮೇಲಲ್ಲ. ಕಳಿಸಿದರೆ, ಬೆಳಿಗ್ಗೆ ಎದ್ದೊಡನೆ, ಹತ್ತಕ್ಕೆ, ಒಂದಕ್ಕೆ, ನಾಲ್ಕಕ್ಕೆ, ಏಳಕ್ಕೆ, ಮಲಗುವ ಮುಂಚೆ ಏನು ಹೋಯಿತು ಎಂದು ಗೋಡೆಯ ಮೇಲೆ ಬರೆದಿಡುತ್ತೇನೆ. ನೀನು ಯಾವ ಹೊತ್ತಿಗೆ ಫೋನ್ ಮಾಡಿ ಕೇಳಿದರೂ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ.

ಆ ಎತ್ತರದ ಕ್ರೇನಿನ ಏಣಿ ಹತ್ತುವಾಗ ಕೆಳಗೆ ನೋಡಬೇಡ. ಇಳಿಯುವಾಗ ಆತುರ ಬೇಡ. ಮಗುವಿನ ಎರಡೂ ಕೆನ್ನೆಗೆ ನನ್ನ ಮುತ್ತು.

ತಪ್ಪು ಒಪ್ಪಿಕೊಂಡ ನಿನ್ನ
ಅಕ್ಕ

ಮತ್ತೊಂದು ಮಾತು: ಸಹಿ ಹಾಕಿ ಲಕೋಟೆ ಅಂಟಿಸಲು ಹೋದೆ, ಕೈ ಬರಲಿಲ್ಲ. ಮೇಲೆ ಒಂದು ಕಡೆ ಇನ್ನೂ ಅರ್ಧ ಮುಚ್ಚಿಟ್ಟಿದ್ದೇನೆ. ಡಾಕ್ಟರಮ್ಮನಿಗೂ ನಿನ್ನ ಭಾವನಿಗೂ ಅಷ್ಟು ಅರ್ಧವೇ ಗೊತ್ತು. ಅವತ್ತು ಬುಗುರಿ ಬೇಡ ಎಂದು ಮಲಗಿದ್ದಲ್ಲ. ದೀಪ ಆರಿಸಲು ಹೋದಾಗ ಎದ್ದು ಬಂದು ನನ್ನ ಕೈ ಹಿಡಿದು, "ದೊಡ್ಡಮ್ಮಾ, ಈಗ ಹಸಿವಾಗ್ತಿದೆ" ಎಂದಳು. ನಾನು, "ಇನ್ನು ಬೆಳಿಗ್ಗೇನೇ" ಎಂದೆ. ಅವಳು ಹಠ ಮಾಡಲಿಲ್ಲ, ಅಳಲೂ ಇಲ್ಲ, ಸುಮ್ಮನೆ ಹೋಗಿ ಮಲಗಿದಳು. ಆಸ್ಪತ್ರೆ ಬಿಡುವ ದಿನ ನೀನು ಚೀಟಿಗೆ ಸಹಿ ಹಾಕಿಸಲು ಹೋಗಿದ್ದೆಯಲ್ಲ, ಆಗ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಅವತ್ತು ನೀನು ಕೇಳಿದೆ, ನಾನು ಕೊಡಲಿಲ್ಲ. ತಪ್ಪಾಯ್ತು ಮಗಳೇ" ಎಂದೆ. ಅವಳು "ಹಾಗಾದ್ರೆ ಈಗ ಕೊಡು" ಎಂದು ಕೈ ಚಾಚಿದಳು. ನಾನು ಬಾಳೆಹಣ್ಣು ಸುಲಿದು ಕೊಡುತ್ತಿದ್ದಾಗ ನೀನು ಬಂದು, "ಈಗಷ್ಟೇ ತಿಂದ್ಲಲ್ಲ ಅಕ್ಕಾ, ಮತ್ತೆ ಯಾಕೆ?" ಎಂದು ಕೇಳಿದ್ದೆ. ಇದಕ್ಕೆ.